ತಾರೆಯನ್ನು ಮೆರೆಸಿದವರು ಯಾರು: ಕ್ರೀಡಾ ವೀರರ ಮೂಲಕ ಸಮಾಜವನ್ನು ಅಭ್ಯಾಸ ಮಾಡುವ ಬಗೆ

ಪದಕ ಗೆದ್ದವರೆಲ್ಲ ಜನಮನದಲ್ಲಿ ಉಳಿಯುವುದಿಲ್ಲ. ಪದಕ ಸಿಗದೆಯೂ ಕೆಲವರು ಉಳಿದುಬಿಡುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರು. 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದ ಪಿ.ಟಿ. ಉಷಾ ಕೂಡ ನಾಲ್ಕನೆಯವರು. ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಓಡಿದ್ದು ಅವರು. ಆ ಓಟವನ್ನು ದಶಕಗಟ್ಟಲೆ ಮಕ್ಕಳಿಗೆ ಹೇಳಿಕೊಂಡು ಬಂದದ್ದು ಜನ. ಮೊದಲನೆಯದು ಕ್ರೀಡಾಪಟುವಿನ ಸಾಧನೆ, ಎರಡನೆಯದು ಸಮಾಜದ ಕೆಲಸ. ಈ ಎರಡನೆಯದನ್ನು ಬಿಡಿಸಿ ನೋಡುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಕಾಲೇಜಿನ ಪ್ರಬಂಧ, ಪತ್ರಿಕೆಯ ದೀರ್ಘ ಲೇಖನ, ಚರ್ಚಾಕೂಟದ ಮಂಡನೆ, ಯಾವುದಕ್ಕಾದರೂ ಈ ಕ್ರಮ ಹೊಂದುತ್ತದೆ. ಒಬ್ಬರೇ ಮಾಡುವುದಾದರೆ ಮೂರು ವಾರ ಬೇಕು: ಸಾಮಗ್ರಿ ಕೂಡಿಸಲು ಹತ್ತು ದಿನ, ಗುರುತು ಹಾಕಿ ಎಣಿಸಲು ನಾಲ್ಕು, ಜನರನ್ನು ಮಾತಾಡಿಸಲು ನಾಲ್ಕು, ಬರೆಯಲು ಮೂರು. ಬರವಣಿಗೆಗೆ ಹೆಚ್ಚು ದಿನ ಕೊಟ್ಟು ಸಾಮಗ್ರಿಗೆ ಎರಡೇ ದಿನ ಇಟ್ಟುಕೊಂಡರೆ ಲೇಖನ ಹೊಗಳಿಕೆಯಲ್ಲೇ ಮುಗಿಯುತ್ತದೆ.

ಪ್ರಶ್ನೆಯನ್ನು ಕಿರಿದಾಗಿಸಿ

"ಮುಹಮ್ಮದ್ ಅಲಿ ಯಾಕೆ ವೀರ?" ಎಂದು ಹೊರಟರೆ ದಡ ಸೇರುವುದಿಲ್ಲ. ಸಿಗುವ ಉತ್ತರ ಧೈರ್ಯ, ಪ್ರತಿಭೆ, ಪರಿಶ್ರಮ. ಈ ಮೂರು ಮಾತು ಯಾವ ಆಟಗಾರರಿಗೂ ಒಪ್ಪುತ್ತವೆ, ಯಾವ ಸಮಾಜದ ಬಗ್ಗೆಯೂ ಏನನ್ನೂ ತಿಳಿಸುವುದಿಲ್ಲ. ಪ್ರಶ್ನೆಯೊಳಗೆ ನಾಲ್ಕು ಅಂಶ ಇರಲೇಬೇಕು: ಒಬ್ಬ ಆಟಗಾರ, ಒಂದು ಘಟನೆ, ಒಂದು ಜನವರ್ಗ, ಒಂದು ಅವಧಿ. "1967ರ ಏಪ್ರಿಲ್‌ನಲ್ಲಿ ಸೇನೆ ಸೇರಲು ನಿರಾಕರಿಸಿದ ಅಲಿಯನ್ನು ಅಮೆರಿಕದ ಕಪ್ಪು ಸಮುದಾಯದ ಪತ್ರಿಕೆಗಳು ಮುಂದಿನ ಒಂದು ವರ್ಷ ಹೇಗೆ ಚಿತ್ರಿಸಿದವು?" ಎಂಬುದು ಕೈಗೆಟುಕುವ ಪ್ರಶ್ನೆ.

ನಾಲ್ಕರಲ್ಲಿ ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಜನವರ್ಗವನ್ನು. ಒಬ್ಬ ಆಟಗಾರ ಇಡೀ ದೇಶಕ್ಕೆ ಒಂದೇ ಕಾರಣಕ್ಕೆ ವೀರನಾಗುವುದು ಬಹಳ ಅಪರೂಪ. ಒಂದು ಗುಂಪಿಗೆ ಅವರು ತಮ್ಮವರು, ಇನ್ನೊಂದಕ್ಕೆ ಅಪಾಯ, ಮತ್ತೊಂದಕ್ಕೆ ಬರೀ ಒಳ್ಳೆಯ ಆಟಗಾರ. 1910ರ ಜುಲೈ 4ರಂದು ಜ್ಯಾಕ್ ಜಾನ್ಸನ್ ಬಿಳಿಯ ಬಾಕ್ಸರ್ ಜಿಮ್ ಜೆಫ್ರೀಸ್‌ರನ್ನು ಸೋಲಿಸಿದಾಗ ಅಮೆರಿಕದ ಕಪ್ಪು ಜನ ಬೀದಿಗಿಳಿದು ಸಂಭ್ರಮಿಸಿದರು. ಅದೇ ರಾತ್ರಿ ಹಲವು ಊರುಗಳಲ್ಲಿ ಅವರ ಮೇಲೆ ದಾಳಿಗಳಾದವು, ಪ್ರಾಣಗಳು ಹೋದವು. ಇಂಥ ಪಂದ್ಯದ ಬಗ್ಗೆ "ಅಮೆರಿಕ ಹೀಗೆ ಸ್ಪಂದಿಸಿತು" ಎಂದು ಬರೆದರೆ ಯಾವ ಅಮೆರಿಕ ಎಂಬ ಪ್ರಶ್ನೆ ಹಾಗೇ ನಿಲ್ಲುತ್ತದೆ.

ನಲವತ್ತು ತುಣುಕು, ನಾಲ್ಕು ಕಾಲ

ನಲವತ್ತು ತುಣುಕು ಸಾಮಗ್ರಿ ಕೂಡಿಸಿ. ಹೆಸರು ಬರುವ ಮುಂಚಿನವು ಹತ್ತು, ದೊಡ್ಡ ಘಟನೆಯಾದ ಎರಡು ವಾರದೊಳಗಿನವು ಹತ್ತು, ಸೋಲು ಅಥವಾ ವಿವಾದದ ಹೊತ್ತಿನವು ಹತ್ತು, ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರದವು ಹತ್ತು. ಪ್ರತಿ ಹತ್ತರಲ್ಲೂ ಕನಿಷ್ಠ ಮೂರು ಬಗೆಯ ಸಾಮಗ್ರಿ ಇರಲಿ: ವರದಿ, ಚಿತ್ರದ ಕೆಳಗಿನ ಸಾಲು, ಓದುಗರ ಪತ್ರ, ವ್ಯಂಗ್ಯಚಿತ್ರ, ಜಾಹೀರಾತು, ಸರ್ಕಾರದ ಪ್ರಕಟಣೆ. ಬರೀ ಅಂಕಣ ಬರಹಗಳನ್ನು ತುಂಬಿಕೊಂಡರೆ ನಿಮಗೆ ಸಿಗುವುದು ಅಂಕಣಕಾರರ ಸಮಾಜ ಮಾತ್ರ.

ಒಂದು ನೋಟ್‌ಬುಕ್‌ನಲ್ಲೋ ಕಂಪ್ಯೂಟರ್ ಹಾಳೆಯಲ್ಲೋ ಆರು ಕಾಲಂ ಎಳೆಯಿರಿ: ತಾರೀಖು, ಎಲ್ಲಿ ಪ್ರಕಟವಾಯಿತು, ಬರೆದವರು, ಯಾವ ಓದುಗರಿಗಾಗಿ, ಇದ್ದ ಮಾತು ಇದ್ದ ಹಾಗೆ, ಚಿತ್ರದಲ್ಲಿ ಏನಿದೆ. ಐದನೆಯ ಕಾಲಂನಲ್ಲಿ ಸಾರಾಂಶ ಬರೆಯಬೇಡಿ. ಸಾರಾಂಶ ಮಾಡಿದ ಕೂಡಲೇ ವಿಶೇಷಣಗಳು ಉದುರಿಹೋಗುತ್ತವೆ, ಮುಂದೆ ನೀವು ಎಣಿಸಬೇಕಾದದ್ದು ಅವನ್ನೇ.

ಮೊದಲ ಹತ್ತು ಸಿಗದೇ ಹೋಗಬಹುದು. ಹೆಸರಾಗುವ ಮುಂಚೆ ಅವರ ಬಗ್ಗೆ ಯಾರೂ ಬರೆದಿರುವುದಿಲ್ಲ. ಆಗ ಜಿಲ್ಲಾ, ರಾಜ್ಯ ಕೂಟಗಳ ಫಲಿತಾಂಶ ಪಟ್ಟಿ ಹುಡುಕಿ; ಅದೂ ಇಲ್ಲದಿದ್ದರೆ ಜಾಗ ಖಾಲಿ ಬಿಟ್ಟು ಹಾಗೆಂದು ಬರೆದಿಡಿ. ಗೆಲ್ಲುವವರೆಗೆ ಒಬ್ಬರತ್ತ ಯಾರೂ ತಿರುಗಿ ನೋಡಿರಲಿಲ್ಲ ಎಂಬುದು ತಾನೇ ಒಂದು ಮಾಹಿತಿ. ಇನ್ನೊಂದು ಎಡವಟ್ಟು ಹೆಚ್ಚು ಅಪಾಯದ್ದು: ಮೂವತ್ತು ವರ್ಷದ ನಂತರ ಬರೆದ ನೆನಪಿನ ಲೇಖನವನ್ನು ಆ ಕಾಲದ ಸಾಕ್ಷಿಯೆಂದು ಬಳಸುವುದು. ಅದು ಯಾವ ವರ್ಷದ ಘಟನೆಯನ್ನೇ ಹೇಳಲಿ, ಪ್ರಕಟವಾದ ವರ್ಷದ ಗುಂಪಿಗೇ ಸೇರಬೇಕು.

ಜಾಲತಾಣಗಳ ಪ್ರತಿಕ್ರಿಯೆ ತೆಗೆದುಕೊಳ್ಳುವಾಗ ಮೇಲೆ ಕಾಣುವ "ಜನಪ್ರಿಯ" ಮಾತುಗಳನ್ನು ಆರಿಸಬೇಡಿ. ಅವು ಆ ತಾಣದ ಲೆಕ್ಕಾಚಾರ ಮೇಲೆತ್ತಿದವು. ಕಾಲಕ್ರಮದಲ್ಲಿ ಜೋಡಿಸಿ ಮೊದಲ ಗಂಟೆಯ ಐವತ್ತು, ಮರುದಿನದ ಐವತ್ತು, ವಾರದ ನಂತರದ ಐವತ್ತು ತೆಗೆಯಿರಿ. ಒಂದೇ ವಾಕ್ಯ ಹತ್ತಾರು ಖಾತೆಗಳಿಂದ ಬಂದಿದ್ದರೆ ಒಂದೆಂದೇ ಎಣಿಸಿ, ಪಕ್ಕದಲ್ಲಿ ಗುರುತು ಮಾಡಿ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ನಾಳೆ ಅದು ಅಳಿದುಹೋಗಿರಬಹುದು. ಖಾಸಗಿ ಜನರ ಹೆಸರು ಮಾತ್ರ ನಿಮ್ಮ ಬರಹಕ್ಕೆ ಬರಕೂಡದು.

ಕಾಲವನ್ನು ಹೀಗೆ ಭಾಗ ಮಾಡುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಜಾವೆಲಿನ್ ಎಸೆದು ಚಿನ್ನ ಗೆದ್ದರು, ನೀರಜ್ ಚೋಪ್ರಾಗೆ ಬೆಳ್ಳಿ. ಚಿನ್ನ ಗೆದ್ದವನೂ ನಮ್ಮ ಮಗನೇ ಎಂಬರ್ಥದಲ್ಲಿ ನೀರಜ್‌ರ ತಾಯಿ ಆಡಿದ ಮಾತಿಗೆ ಎರಡೂ ದೇಶಗಳಲ್ಲಿ ಮೆಚ್ಚುಗೆಯ ಮಳೆ ಸುರಿಯಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಅದೇ ಮಾತನ್ನು ಹಿಡಿದು ಅದೇ ತಾಯಿಯನ್ನು ನಿಂದಿಸಲಾಯಿತು. ನೀರಜ್ ಬಹಿರಂಗ ಹೇಳಿಕೆ ಕೊಟ್ಟು ನೋವು ತೋಡಿಕೊಳ್ಳಬೇಕಾಯಿತು. ಮಾತು ಬದಲಾಗಿರಲಿಲ್ಲ, ಆಡಿದವರೂ ಬದಲಾಗಿರಲಿಲ್ಲ. ಎಂಟು ತಿಂಗಳಲ್ಲಿ ಬದಲಾದದ್ದು ಕೇಳಿಸಿಕೊಂಡವರು. ಒಂದೇ ಕಾಲದ ಸಾಮಗ್ರಿ ಇಟ್ಟುಕೊಂಡವರಿಗೆ ಇದು ಕಾಣುತ್ತಲೇ ಇರಲಿಲ್ಲ.

ದಾಖಲೆ ಬೇರೆ, ದಂತಕಥೆ ಬೇರೆ

ಒಂದು ಹಾಳೆಯನ್ನು ಉದ್ದಕ್ಕೆ ಮಡಿಸಿ. ಎಡಕ್ಕೆ ಅಧಿಕೃತ ಫಲಿತಾಂಶ, ಸಮಯ, ತಾರೀಖು. ಬಲಕ್ಕೆ ಜನ ಹೇಳುವ ಕಥೆ. ಬಲಗಡೆಯದನ್ನು ಸುಳ್ಳೆಂದು ಎಸೆದುಬಿಡುವುದು ಹೊಸಬರ ಅಭ್ಯಾಸ. ಹಾಗೆ ಮಾಡಬೇಡಿ. ಸಮಾಜದ ಗುರುತು ಹೆಚ್ಚಾಗಿ ಸಿಗುವುದು ಅಲ್ಲೇ.

1936ರ ಬರ್ಲಿನ್ ತೆಗೆದುಕೊಳ್ಳಿ. ಎಡಗಡೆ: ಅಮೆರಿಕದ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್, 100 ಮೀಟರ್, 200 ಮೀಟರ್, ಲಾಂಗ್ ಜಂಪ್, 4x100 ರಿಲೇ, ನಾಲ್ಕು ಚಿನ್ನ. ಬಲಗಡೆ: ಹಿಟ್ಲರ್ ಓವೆನ್ಸ್‌ರ ಕೈ ಕುಲುಕದೆ ಮುಖ ತಿರುಗಿಸಿ ಎದ್ದುಹೋದ ಎಂಬ ಕಥೆ. ನಡೆದದ್ದು ಬೇರೆ. ಮೊದಲ ದಿನ ಹಿಟ್ಲರ್ ಕೆಲವೇ ವಿಜೇತರನ್ನು ಕರೆಸಿ ಅಭಿನಂದಿಸಿದ. ಅಭಿನಂದಿಸುವುದಾದರೆ ಎಲ್ಲರನ್ನೂ, ಇಲ್ಲದಿದ್ದರೆ ಯಾರನ್ನೂ ಬೇಡ ಎಂದು ಒಲಿಂಪಿಕ್ ಸಮಿತಿ ಹೇಳಿದ ಮೇಲೆ ಬಹಿರಂಗವಾಗಿ ಅಭಿನಂದಿಸುವುದನ್ನೇ ನಿಲ್ಲಿಸಿದ. ಓವೆನ್ಸ್ ಗೆಲುವುಗಳು ಅದರ ನಂತರದವು. ಇತ್ತ ತನ್ನದೇ ದೇಶದ ಅಧ್ಯಕ್ಷರಿಂದ ಒಂದು ತಂತಿಯೂ ಬರಲಿಲ್ಲ ಎಂದು ಓವೆನ್ಸ್ ಹೇಳಿಕೊಂಡರು. ನ್ಯೂಯಾರ್ಕ್‌ನಲ್ಲಿ ಮೆರವಣಿಗೆಯಾದ ಮೇಲೆ ತನ್ನ ಸನ್ಮಾನದ ಕೂಟಕ್ಕೇ ಅವರು ಸರಕು ಸಾಗಿಸುವ ಲಿಫ್ಟ್‌ನಲ್ಲಿ ಹೋಗಬೇಕಾಯಿತು.

ಈಗ ಕೇಳಬೇಕಾದ ಪ್ರಶ್ನೆ: ಹಿಟ್ಲರನ ಅವಮಾನದ ಕಥೆ ಇಷ್ಟು ಗಟ್ಟಿಯಾಗಿ ಉಳಿದು, ಲಿಫ್ಟಿನ ಕಥೆ ಯಾಕೆ ಹಿಂದೆ ಬಿತ್ತು? ವರ್ಣಭೇದ ಬೇರೆಯವರ ಮನೆಯ ರೋಗ ಎಂದು ನಂಬಲು ಮೊದಲ ಕಥೆ ಅವಕಾಶ ಕೊಡುತ್ತದೆ, ಎರಡನೆಯದು ಕೊಡುವುದಿಲ್ಲ. ಪ್ರತಿ ದಂತಕಥೆಗೂ ಇದೇ ಎರಡು ಪ್ರಶ್ನೆ ಹಾಕಿ: ಇದು ಯಾರನ್ನು ಹಗುರ ಮಾಡುತ್ತದೆ? ಇದು ಇಲ್ಲದಿದ್ದರೆ ಯಾವ ಮಾತು ಎದುರಾಗುತ್ತಿತ್ತು? ಅದೇ 1936ರಲ್ಲಿ ಹಾಕಿ ಫೈನಲ್‌ನಲ್ಲಿ ಭಾರತ ಜರ್ಮನಿಯನ್ನು 8–1ರಿಂದ ಸೋಲಿಸಿತು. ಧ್ಯಾನ್‌ಚಂದ್‌ರ ಕೋಲಿನಲ್ಲಿ ಅಯಸ್ಕಾಂತ ಇದೆಯೆಂದು ಮುರಿದು ನೋಡಿದರು ಎಂಬ ಕಥೆಯನ್ನು ಕೇಳದವರಿಲ್ಲ. ಆಳುವವರ ಆಟದಲ್ಲಿ ಆಳಿಸಿಕೊಳ್ಳುವವರು ಎಲ್ಲರನ್ನೂ ಮೀರಿಸಿದ್ದಾರೆ, ಅದನ್ನು ನಂಬಲಾರದೆ ಹೊರಗಿನವರೇ ಬೆರಗಾಗಿದ್ದಾರೆ ಎಂದು ಹೇಳಿಕೊಳ್ಳುವ ಅಗತ್ಯ ಇದ್ದ ಜನರಿಗೆ ಆ ಕಥೆ ಬೇಕಿತ್ತು.

ವಿಶೇಷಣಗಳನ್ನು ಎಣಿಸಿ

ಆರು ಬಣ್ಣದ ಪೆನ್ಸಿಲ್ ಸಾಕು. ಆಟದ ಕೌಶಲಕ್ಕೆ ಒಂದು, ಮೈಕಟ್ಟು ಮತ್ತು ರೂಪಕ್ಕೆ ಒಂದು, ಕುಟುಂಬಕ್ಕೆ ಒಂದು, ಜಾತಿ–ಬಣ್ಣ–ಊರು–ಧರ್ಮಕ್ಕೆ ಒಂದು, ನಡತೆಗೆ ಒಂದು, ದೇಶಕ್ಕೆ ಒಂದು. ನಲವತ್ತು ತುಣುಕುಗಳಲ್ಲಿ ಬರುವ ಪ್ರತಿ ವಿಶೇಷಣಕ್ಕೂ ಬಿರುದಿಗೂ ಬಣ್ಣ ಹಾಕಿ, ಕಾಲವಾರು ಎಣಿಸಿ. ಒಂದೇ ಪದಕ್ಕೆ ಎರಡು ಬಣ್ಣ ಬೇಕೆನಿಸಿದರೆ ಎರಡನ್ನೂ ಹಾಕಿ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಫ್ಯಾನಿ ಬ್ಲಾಂಕರ್ಸ್-ಕೋಯನ್ ನಾಲ್ಕು ಚಿನ್ನ ಗೆದ್ದರು. ಓವೆನ್ಸ್‌ಗೆ ಎಷ್ಟೋ ಅಷ್ಟೇ. ಆಗ ಅವರಿಗೆ 30 ವರ್ಷ, ಇಬ್ಬರು ಮಕ್ಕಳ ತಾಯಿ. ಪತ್ರಿಕೆಗಳು ಕೊಟ್ಟ ಬಿರುದು "ಹಾರುವ ಗೃಹಿಣಿ". ಆ ಬಿರುದಿಗೆ ಬಣ್ಣ ಹಾಕಿ ನೋಡಿ: ಒಂದು ಪದ ಕೌಶಲಕ್ಕೆ, ಇನ್ನೊಂದು ಮನೆಗೆ. ಯುದ್ಧ ಮುಗಿದು ಹೆಂಗಸರನ್ನು ಕಾರ್ಖಾನೆಯಿಂದ ಮತ್ತೆ ಅಡುಗೆಮನೆಗೆ ಕಳಿಸುತ್ತಿದ್ದ ಯುರೋಪು, ಅತಿ ವೇಗದ ಓಟಗಾರ್ತಿಯನ್ನು ಮೆಚ್ಚಿಕೊಳ್ಳಲು ಮೊದಲು ಅವಳನ್ನು ಮನೆಯೊಳಗೆ ನಿಲ್ಲಿಸಿಕೊಂಡಿತು.

ಇದಕ್ಕೊಂದು ಸರಳ ಪರೀಕ್ಷೆ ಇದೆ. ವಾಕ್ಯದಲ್ಲಿನ ಹೆಸರು ತೆಗೆದು ಅದೇ ಮಟ್ಟದ ಇನ್ನೊಬ್ಬ ಆಟಗಾರರ ಹೆಸರು ಹಾಕಿ ಗಟ್ಟಿಯಾಗಿ ಓದಿ. ಗಂಡಸಿನ ಜಾಗದಲ್ಲಿ ಹೆಂಗಸು, ಶ್ರೀಮಂತರ ಮಗನ ಜಾಗದಲ್ಲಿ ಕೂಲಿಯವರ ಮಗ. ವಾಕ್ಯ ಕಿವಿಗೆ ವಿಚಿತ್ರವೆನಿಸಿದರೆ ಅದು ಆಟದ ಬಗ್ಗೆ ಮಾತಾಡುತ್ತಿಲ್ಲ. "ಸಹಜ ಪ್ರತಿಭೆ" ಮತ್ತು "ಬುದ್ಧಿವಂತ ಆಟ" ಎಂಬ ಎರಡು ಮಾತುಗಳ ಮೇಲೆ ವಿಶೇಷ ಕಣ್ಣಿಡಿ. ಅನೇಕ ದೇಶಗಳ ವರದಿಗಳಲ್ಲಿ ಮೊದಲನೆಯದು ಕಪ್ಪು ಆಟಗಾರರಿಗೂ ಎರಡನೆಯದು ಬಿಳಿಯರಿಗೂ ಹಂಚಿಕೆಯಾಗಿರುತ್ತದೆ.

ಎಣಿಕೆಯಲ್ಲಿ ಎಡವುವುದು ಒಂದು ಕಡೆ: ಮುಂಚೆಯೇ ಮನಸ್ಸಿನಲ್ಲಿರುವ ತೀರ್ಮಾನಕ್ಕೆ ತಕ್ಕಂತೆ ಬಣ್ಣ ಬೀಳತೊಡಗುತ್ತದೆ. ಹತ್ತು ತುಣುಕುಗಳನ್ನು ಬೇರೊಬ್ಬರ ಕೈಗೆ ಕೊಟ್ಟು, ನಿಮ್ಮ ಗುರುತು ತೋರಿಸದೆ ಅವರಿಂದಲೂ ಬಣ್ಣ ಹಾಕಿಸಿ. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಕಡೆ ವ್ಯತ್ಯಾಸ ಬಂದರೆ ಬಣ್ಣಗಳ ವಿವರಣೆ ಸಡಿಲವಾಗಿದೆ ಎಂದರ್ಥ. ತಿದ್ದಿ ಮತ್ತೆ ಮೊದಲಿಂದ ಎಣಿಸಿ.

ಮೆರೆಯದ ಒಬ್ಬರನ್ನು ಪಕ್ಕಕ್ಕಿಡಿ

ತಾರೆಯೊಬ್ಬರನ್ನೇ ನೋಡುತ್ತ ಕೂತರೆ ಅವರ ಸಾಧನೆಯೇ ಅವರ ಖ್ಯಾತಿಗೆ ಕಾರಣ ಎಂದು ಕಾಣುತ್ತದೆ. ಅದೇ ಕಾಲದಲ್ಲಿ, ಹತ್ತಿರ ಹತ್ತಿರ ಅದೇ ಮಟ್ಟದ ಸಾಧನೆ ಮಾಡಿಯೂ ಮನೆಮಾತಾಗದ ಒಬ್ಬರನ್ನು ಜೊತೆಗಿಟ್ಟು ಹೋಲಿಸಿ.

2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಶೂಟಿಂಗ್‌ನಲ್ಲಿ ಗೆದ್ದಾಗ "ಭಾರತದ ಮೊದಲ ವೈಯಕ್ತಿಕ ಚಿನ್ನ" ಎಂದು ದೇಶವೆಲ್ಲ ಹೇಳಿತು. ಒಲಿಂಪಿಕ್ಸ್ ಮಟ್ಟಿಗೆ ಅದು ನಿಜ, ಆ ಗೌರವಕ್ಕೆ ಬಿಂದ್ರಾ ಪೂರ್ತಿ ಅರ್ಹರು. ಅದಕ್ಕೂ 36 ವರ್ಷ ಮುಂಚೆ, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಮುರಳೀಕಾಂತ್ ಪೇಟ್ಕರ್ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ ಗೆದ್ದಿದ್ದರು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧ ಅವರು. ಪದ್ಮಶ್ರೀ ಬಂದದ್ದು 2018ರಲ್ಲಿ. ಸಾಧನೆ, ತ್ಯಾಗ, ಸೇನೆ, ಕಥೆಗೆ ಬೇಕಾದದ್ದೆಲ್ಲ ಇತ್ತು. ಇಲ್ಲದಿದ್ದದ್ದು ಅಂಗವೈಕಲ್ಯವಿರುವ ದೇಹವನ್ನು ವೀರನ ದೇಹವೆಂದು ನೋಡುವ ಕಣ್ಣು.

ಹೋಲಿಕೆ ಮಾಡುವಾಗ ಮೂರು ವಿಷಯ ಆದಷ್ಟು ಹತ್ತಿರ ಇರಲಿ: ಕಾಲ, ಸ್ಪರ್ಧೆಯ ಮಟ್ಟ, ಪ್ರಚಾರಕ್ಕಿದ್ದ ಸಾಧನ. ಟಿವಿ ಇಲ್ಲದ ಕಾಲದವರನ್ನು ನೇರಪ್ರಸಾರದ ಕಾಲದವರ ಜೊತೆ ಇಟ್ಟರೆ ವ್ಯತ್ಯಾಸ ಸಮಾಜದ್ದೋ ಉಪಕರಣದ್ದೋ ಬೇರ್ಪಡಿಸಲಾಗದು. ಪೇಟ್ಕರ್–ಬಿಂದ್ರಾ ಹೋಲಿಕೆಗೂ ಈ ಮಿತಿ ಇದೆ. ಅದನ್ನು ಬರಹದಲ್ಲೇ ಒಪ್ಪಿಕೊಂಡು, 1972ರ ಸುದ್ದಿಗಿಂತ, 2008ರಲ್ಲಿ "ಮೊದಲ" ಎಂದು ಬರೆದವರು ಪೇಟ್ಕರ್ ಅವರನ್ನು ನೆನೆದರೋ ಇಲ್ಲವೋ ಎಂಬುದರ ಮೇಲೆ ನಿಲ್ಲಬೇಕು. ಆಗ ಉಪಕರಣದ ತಕರಾರು ಏಳುವುದಿಲ್ಲ.

ಮೂರು ಬಾಗಿಲು

ಚಪ್ಪಾಳೆ ತಟ್ಟಿದ ಸಮಾಜ ಆ ಆಟಗಾರರನ್ನು ಎಲ್ಲಿಯವರೆಗೆ ಒಳಗೆ ಬಿಟ್ಟುಕೊಂಡಿತು? ಮೂರು ಬಾಗಿಲಿಗೆ ಮೂರು ತಾರೀಖು ಹುಡುಕಿ: ತಂಡದೊಳಗೆ ಬಂದದ್ದು ಯಾವಾಗ, ನಾಯಕತ್ವ ಅಥವಾ ಆಡಳಿತ ಸಿಕ್ಕಿದ್ದು ಯಾವಾಗ, ಮೈದಾನದ ಹೊರಗೆ ಸರಿಸಮಾನವಾಗಿ ಕೂತು ಉಂಡದ್ದು ಯಾವಾಗ.

ಪಾಲ್ವಣಕರ್ ಬಾಲೂ ದಲಿತ ಸಮುದಾಯದ ಎಡಗೈ ಸ್ಪಿನ್ನರ್. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಭಾರತ ತಂಡದ ಪರ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಅದಕ್ಕೂ ಮುಂಚೆ ಪುಣೆಯಲ್ಲಿ ಆಡುತ್ತಿದ್ದಾಗ ಚೆಂಡನ್ನು ಅವರ ಕೈಗೇ ಕೊಡುತ್ತಿದ್ದರು. ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ. ಧರ್ಮವಾರು ತಂಡಗಳು ಆಡುತ್ತಿದ್ದ ಆ ಕಾಲದ ಬಾಂಬೆ ಪಂದ್ಯಾವಳಿಯಲ್ಲಿ ಹಿಂದೂಗಳ ತಂಡದ ನಾಯಕತ್ವ ಬಾಲೂಗೆ ಕೊನೆಗೂ ಸಿಗಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್ ನಾಯಕರಾದರು. ಮೊದಲ ಬಾಗಿಲು ಪ್ರತಿಭೆಗೆ ತೆರೆಯಿತು, ಎರಡನೆಯದಕ್ಕೆ ಒಂದು ಇಡೀ ವೃತ್ತಿಜೀವನ ಸಾಲಲಿಲ್ಲ, ಮೂರನೆಯದು ಬೇರೆಯೇ ಲೆಕ್ಕ.

ಇದೇ ಅಳತೆಯನ್ನು ಬೇರೆಡೆಗೂ ಹಿಡಿಯಬಹುದು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಜ್ಯಾಕಿ ರಾಬಿನ್ಸನ್ ವರ್ಣದ ಗೆರೆ ದಾಟಿ ಮೇಜರ್ ಲೀಗ್‌ಗೆ ಕಾಲಿಟ್ಟದ್ದು 1947ರ ಏಪ್ರಿಲ್ 15. ಅದೇ ಲೀಗ್‌ನಲ್ಲಿ ಮೊದಲ ಕಪ್ಪು ಮ್ಯಾನೇಜರ್ ಆಗಿ ಫ್ರ್ಯಾಂಕ್ ರಾಬಿನ್ಸನ್ ಬಂದದ್ದು 1975ರಲ್ಲಿ, ನಡುವೆ 28 ವರ್ಷ. ದಕ್ಷಿಣ ಆಫ್ರಿಕಾ 1995ರಲ್ಲಿ ರಗ್ಬಿ ವಿಶ್ವಕಪ್ ಗೆದ್ದು ಮಂಡೇಲಾ ತಂಡದ ಜೆರ್ಸಿ ತೊಟ್ಟು ಕಪ್ ಕೊಟ್ಟ ಚಿತ್ರ ಜಗತ್ತಿನ ನೆನಪಿನಲ್ಲಿದೆ. ಆ ತಂಡದಲ್ಲಿದ್ದ ಬಿಳಿಯನಲ್ಲದ ಆಟಗಾರ ಚೆಸ್ಟರ್ ವಿಲಿಯಮ್ಸ್ ಒಬ್ಬರೇ. ಸಿಯಾ ಕೊಲಿಸಿ ಟೆಸ್ಟ್ ತಂಡದ ಮೊದಲ ಕಪ್ಪು ನಾಯಕರಾದದ್ದು 2018ರಲ್ಲಿ. ಸಂಭ್ರಮದ ಚಿತ್ರ ಸುಳ್ಳಲ್ಲ. ಅದರ ಪಕ್ಕದಲ್ಲಿ ಈ 23 ವರ್ಷವನ್ನೂ ಬರೆದರೆ ಮಾತ್ರ ಓದುಗರಿಗೆ ಪೂರ್ತಿ ತಿಳಿಯುತ್ತದೆ.

ಸೋತಾಗ, ಮಾತಾಡಿದಾಗ

ಇಡೀ ಅಭ್ಯಾಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ಗೆದ್ದಾಗ ಎಲ್ಲ ಸಮಾಜಗಳೂ ಒಂದೇ ರೀತಿ ಕುಣಿಯುತ್ತವೆ. ಯಾವುದನ್ನು ಕ್ಷಮಿಸುವುದಿಲ್ಲ ಎಂಬುದರಲ್ಲಿ ಅವು ಬೇರೆ ಬೇರೆ.

ಸೋಲಿನ ಹೊತ್ತಿನ ತುಣುಕುಗಳಲ್ಲಿ ಹುಡುಕಬೇಕಾದದ್ದು ಸರ್ವನಾಮಗಳನ್ನು. "ನಾವು ಗೆದ್ದೆವು" ಎಂದದ್ದು ಯಾವ ವಾಕ್ಯದಲ್ಲಿ "ಅವನು ಸೋತ" ಎಂದಾಯಿತು, ಯಾವ ಹೊತ್ತಿನಲ್ಲಿ "ಅವರು" ಎಂದರೆ ಒಂದು ಜಾತಿ, ಒಂದು ಧರ್ಮ, ಒಂದು ಬಣ್ಣ ಎಂದಾಯಿತು, ಗೆರೆ ಎಳೆದು ತಾರೀಖು ಹಾಕಿ. 2018ರ ಫುಟ್‌ಬಾಲ್ ವಿಶ್ವಕಪ್‌ನಿಂದ ಜರ್ಮನಿ ಬೇಗ ಹೊರಬಿದ್ದ ಮೇಲೆ ಟರ್ಕಿ ಮೂಲದ ಮೆಸುತ್ ಓಝಿಲ್ ರಾಷ್ಟ್ರೀಯ ತಂಡ ತೊರೆದರು. ಗೆದ್ದರೆ ನಾನು ಜರ್ಮನ್, ಸೋತರೆ ವಲಸಿಗ ಎಂಬುದು ಅವರ ಹೇಳಿಕೆಯ ತಿರುಳಾಗಿತ್ತು. ಬ್ರೆಜಿಲ್‌ನ ಗೋಲ್‌ಕೀಪರ್ ಮೊಆಸಿರ್ ಬಾರ್ಬೋಸಾ 1950ರ ಜುಲೈ 16ರಂದು ವಿಶ್ವಕಪ್‌ನ ನಿರ್ಣಾಯಕ ಪಂದ್ಯದಲ್ಲಿ ಉರುಗ್ವೆಗೆ ಬಿಟ್ಟುಕೊಟ್ಟ ಎರಡನೇ ಗೋಲಿನ ಅಪವಾದವನ್ನು 2000ದಲ್ಲಿ ತೀರಿಕೊಳ್ಳುವವರೆಗೂ ಹೊತ್ತರು. ಆ ಸೋಲಿಗೆ ಹೆಚ್ಚಾಗಿ ಬೈಸಿಕೊಂಡವರು ತಂಡದ ಕಪ್ಪು ಆಟಗಾರರು ಎಂಬುದನ್ನು ಜೊತೆಗೆ ಇಟ್ಟಾಗಲೇ ಈ ಐವತ್ತು ವರ್ಷದ ಸಿಟ್ಟಿನ ಮೂಲ ತಿಳಿಯುತ್ತದೆ.

ಬೈದವರನ್ನು ಮಾತ್ರ ಹೆಕ್ಕಿದರೂ ತಪ್ಪಾಗುತ್ತದೆ. 2021ರ ಯುರೋ ಫೈನಲ್‌ನಲ್ಲಿ ಇಂಗ್ಲೆಂಡ್ ಪರ ಪೆನಾಲ್ಟಿ ಒದ್ದು ಗೋಲು ತಪ್ಪಿದ ಮಾರ್ಕಸ್ ರ‍್ಯಾಶ್‌ಫರ್ಡ್, ಜೇಡನ್ ಸಾಂಚೊ, ಬುಕಾಯೊ ಸಾಕಾ ಮೂವರಿಗೂ ಜಾಲತಾಣಗಳಲ್ಲಿ ವರ್ಣದ ನಿಂದನೆ ಸುರಿಯಿತು. ಮ್ಯಾಂಚೆಸ್ಟರ್‌ನಲ್ಲಿದ್ದ ರ‍್ಯಾಶ್‌ಫರ್ಡ್ ಗೋಡೆಚಿತ್ರವನ್ನು ಯಾರೋ ಕೆಡಿಸಿದರು. ಜನ ಬಂದು ಅದೇ ಗೋಡೆಯ ತುಂಬ ಪ್ರೀತಿಯ ಚೀಟಿಗಳನ್ನು ಅಂಟಿಸಿದರು. ಹಿಂದಿನ ವರ್ಷ ಬಡ ಮಕ್ಕಳ ಶಾಲಾ ಊಟಕ್ಕಾಗಿ ಅವರು ನಡೆಸಿದ ಅಭಿಯಾನ ಸರ್ಕಾರದ ನಿರ್ಧಾರವನ್ನೇ ಬದಲಿಸಿತ್ತು. ಎರಡು ಗುಂಪಿನ ದನಿಯನ್ನೂ ಸಮಾನ ಜಾಗ ಕೊಟ್ಟು ದಾಖಲಿಸಿ.

ಇನ್ನು ಮಾತು. ಆಟಗಾರ ಬಾಯಿ ಬಿಟ್ಟಾಗ ಏನಾಯಿತು ಎಂಬುದಕ್ಕೆ ಒಂದು ಕಾಲರೇಖೆ ಎಳೆಯಿರಿ. ದಂಡನೆಯ ದಿನ ಒಂದು ತುದಿ, ಮರುಸನ್ಮಾನದ ದಿನ ಇನ್ನೊಂದು ತುದಿ. ಅಲಿಯ ಪದವಿ 1967ರಲ್ಲಿ ಕಿತ್ತುಕೊಂಡರು, ಮೂರೂವರೆ ವರ್ಷ ರಿಂಗ್‌ಗೆ ಇಳಿಯಲು ಬಿಡಲಿಲ್ಲ, 1971ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು, 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ ಜ್ಯೋತಿ ಬೆಳಗಿಸಿದ್ದು ಅವರೇ. ಮೆಕ್ಸಿಕೊದಲ್ಲಿ 1968ರ ಅಕ್ಟೋಬರ್ 16ರಂದು 200 ಮೀಟರ್ ಓಟದ ಪದಕ ವೇದಿಕೆಯಲ್ಲಿ ವರ್ಣಭೇದದ ವಿರುದ್ಧ ಮುಷ್ಟಿ ಎತ್ತಿದ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್‌ರನ್ನು ಕೂಟದಿಂದ ಹೊರಹಾಕಿದರು. ಅಮೆರಿಕದ ಒಲಿಂಪಿಕ್ ಸಂಸ್ಥೆ ತನ್ನ ಗೌರವ ಪಟ್ಟಿಗೆ ಅವರನ್ನು ಸೇರಿಸಿಕೊಂಡದ್ದು 2019ರಲ್ಲಿ. ಅದೇ ವೇದಿಕೆಯಲ್ಲಿ ಮಾನವ ಹಕ್ಕುಗಳ ಬಿಲ್ಲೆ ಧರಿಸಿ ನಿಂತ ಆಸ್ಟ್ರೇಲಿಯಾದ ಪೀಟರ್ ನಾರ್ಮನ್‌ರ 20.06 ಸೆಕೆಂಡಿನ ದಾಖಲೆ ಅವರ ದೇಶದಲ್ಲಿ 56 ವರ್ಷ ಅಳಿಯದೆ ಉಳಿಯಿತು. ಅವರನ್ನು ನಡೆಸಿಕೊಂಡ ರೀತಿಗೆ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ, ಅವರು ತೀರಿಕೊಂಡು ಆರು ವರ್ಷವಾದ ಮೇಲೆ. 2006ರಲ್ಲಿ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು. 1952ರಲ್ಲಿ ಒಂದೇ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ ತಮ್ಮ ದೇಶದ 1968ರ ರಾಜಕೀಯ ಸುಧಾರಣೆಗಳ ಪರ ನಿಂತದ್ದಕ್ಕೆ ಕಮ್ಯುನಿಸ್ಟ್ ಪಕ್ಷದಿಂದಲೂ ಸೇನೆಯಿಂದಲೂ ಹೊರಬಿದ್ದು ವರ್ಷಗಟ್ಟಲೆ ಕೂಲಿ ಕೆಲಸ ಮಾಡಿದರು.

ರೇಖೆ ಎಳೆದ ಮೇಲೆ ಮರುಸನ್ಮಾನದ ಭಾಷಣವನ್ನು ಹಳೆಯ ದಂಡನೆಯ ಆದೇಶದ ಪಕ್ಕ ಇಟ್ಟು ಓದಿ. ಯಾವ ಮಾತು ಬಿಟ್ಟುಹೋಗಿದೆ? ಸಾಮಾನ್ಯವಾಗಿ ಆಟಗಾರ ಆಡಿದ ಮಾತಿನ ತಿರುಳೇ ಬಿಟ್ಟುಹೋಗಿ "ಧೈರ್ಯ" ಒಂದೇ ಉಳಿದಿರುತ್ತದೆ. ಯುದ್ಧ ತಪ್ಪು ಎಂದವರು "ನಂಬಿಕೆಗಾಗಿ ನಿಂತವರು" ಆಗಿಬಿಡುತ್ತಾರೆ. ಇದನ್ನು ಎತ್ತಿ ತೋರಿಸುವ ಒಂದು ಪ್ಯಾರಾ ನಿಮ್ಮ ಲೇಖನದ ಅತ್ಯಂತ ಬೆಲೆಯುಳ್ಳ ಭಾಗವಾಗಬಹುದು.

ದುಡ್ಡು, ನಿಯಮ

ಪ್ರಾಯೋಜಕರು ಬಂದ ದಿನ, ಬಿಟ್ಟುಹೋದ ದಿನ, ಈ ಎರಡನ್ನು ಘಟನೆಗಳ ತಾರೀಖಿನ ಪಕ್ಕ ಬರೆಯಿರಿ. ಸೈಕಲ್ ಓಟಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಗೆದ್ದಿದ್ದ ಏಳು ಟೂರ್ ಡಿ ಫ್ರಾನ್ಸ್ ಪದವಿಗಳನ್ನು 2012ರಲ್ಲಿ ಕಳೆದುಕೊಂಡರು. ಉದ್ದೀಪನ ಮದ್ದಿನ ಅನುಮಾನ ವರ್ಷಗಳಿಂದ ಇತ್ತು. ನೈಕಿ ಕೈಬಿಟ್ಟದ್ದು 2012ರ ಅಕ್ಟೋಬರ್‌ನಲ್ಲಿ, ಸಾಕ್ಷ್ಯಗಳ ವರದಿ ಹೊರಬಿದ್ದ ಮೇಲೆ. ಕ್ಯಾನ್ಸರ್ ಗೆದ್ದು ಬಂದವನ ಕಥೆ ನಿಜವಾಗಿರಲಿ ಎಂದು ಅಷ್ಟು ಜನ ಬಯಸಿದ್ದರಿಂದ ಅನುಮಾನಪಟ್ಟವರೇ ಕೆಟ್ಟವರಂತೆ ಕಂಡರು.

ನಿಯಮಗಳನ್ನು ಹುಡುಕುವುದು ಬೇಸರದ ಕೆಲಸ, ಆದರೆ ಕೈಬಿಡಬೇಡಿ. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಹಿಳೆಯರ 800 ಮೀಟರ್ ಫೈನಲ್ ಓಡಿದವರು ಒಂಬತ್ತು ಮಂದಿ, ಮುಗಿಸಿದವರೂ ಒಂಬತ್ತು ಮಂದಿ. ಗೆದ್ದ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿದರು. ಹಲವು ಪತ್ರಿಕೆಗಳು ಮಾತ್ರ ಓಟಗಾರ್ತಿಯರು ಕುಸಿದುಬಿದ್ದರು, ಈ ದೂರ ಹೆಣ್ಣಿಗೆ ಸಲ್ಲದು ಎಂದು ಬರೆದವು. ಆ ಓಟ ಒಲಿಂಪಿಕ್ಸ್‌ಗೆ ಮರಳಿದ್ದು 1960ರಲ್ಲಿ. ಮಹಿಳಾ ಮ್ಯಾರಥಾನ್‌ಗೆ 1984ರವರೆಗೆ ಕಾಯಬೇಕಾಯಿತು. ಒಂದು ಕಾಲದಲ್ಲಿ ಒಂದು ಆಟಕ್ಕೆ ವೀರಾಂಗನೆಯರೇ ಇಲ್ಲ ಎಂದರೆ ಮೊದಲು ಸ್ಪರ್ಧೆ ಇತ್ತೇ ಎಂದು ನೋಡಿ. ಬಹುಮಾನದ ಮೊತ್ತವೂ ನಿಯಮವೇ: ಯುಎಸ್ ಓಪನ್ ಟೆನಿಸ್ ಗಂಡು ಹೆಣ್ಣಿಗೆ ಸಮಾನ ಬಹುಮಾನ ಕೊಡತೊಡಗಿದ್ದು 1973ರಲ್ಲಿ, ವಿಂಬಲ್ಡನ್ 2007ರಲ್ಲಿ. ಸರ್ಕಾರಿ ಗೌರವಗಳ ಅರ್ಹತೆಯನ್ನೂ ಓದಿ. ಭಾರತ ರತ್ನವನ್ನು ಎಲ್ಲ ಕ್ಷೇತ್ರಗಳಿಗೂ ವಿಸ್ತರಿಸಿದ್ದು 2011ರಲ್ಲಿ; ಅದನ್ನು ಪಡೆದ ಮೊದಲ ಕ್ರೀಡಾಪಟು ಸಚಿನ್ ತೆಂಡೂಲ್ಕರ್ ಹೆಸರು ಪ್ರಕಟವಾದದ್ದು 2013ರ ನವೆಂಬರ್‌ನಲ್ಲಿ.

ಜನರನ್ನು ಮಾತಾಡಿಸುವಾಗ

ಹನ್ನೆರಡರಿಂದ ಹದಿನೈದು ಮಂದಿ ಸಾಕು, ಮೂರು ವಯೋಮಾನದಿಂದ ಸಮನಾಗಿ. "ಅವರು ನಿಮಗೆ ಯಾಕೆ ಇಷ್ಟ?" ಎಂದು ಕೇಳಬೇಡಿ, ಪತ್ರಿಕೆಯಲ್ಲಿ ಓದಿದ ಮಾತೇ ವಾಪಸ್ ಬರುತ್ತದೆ. ಈ ನಾಲ್ಕನ್ನು ಕೇಳಿ: ಅವರ ಹೆಸರನ್ನು ಮೊದಲು ಯಾರ ಬಾಯಲ್ಲಿ ಕೇಳಿದಿರಿ? ಅವರ ಯಾವ ಗುಣವನ್ನು ನಿಮ್ಮ ಮಕ್ಕಳಲ್ಲಿ ಬಯಸುತ್ತೀರಿ, ಯಾವುದನ್ನು ಬಯಸುವುದಿಲ್ಲ? ಅವರು ಏನು ಮಾಡಿದರೆ ಗೋಡೆಯ ಮೇಲಿನ ಅವರ ಚಿತ್ರ ಇಳಿಸುತ್ತೀರಿ? ನಿಮಗೆ ಗೊತ್ತಿರುವ ಯಾರಿಗಾದರೂ ಅವರು ಇಷ್ಟವಿಲ್ಲವೇ, ಯಾಕಂತೆ? ಮೂರನೆಯದಕ್ಕೆ ಉತ್ತರ ನಿಧಾನವಾಗಿ ಬರುತ್ತದೆ. ನಡುವೆ ಮಾತು ತುಂಬಿಸದೆ ಕಾಯಿರಿ.

ಬರೆಯುವಾಗ

ಎರಡು ಸಾವಿರ ಪದದ ಲೇಖನವಾದರೆ ಘಟನೆಗೆ 250 ಪದ ಮೀರಬೇಡಿ. ಓದುಗರಿಗೆ ಅದು ಗೊತ್ತು. ಸೋಲು–ಮಾತಿನ ಭಾಗಕ್ಕೆ 700 ಕೊಡಿ. ಉಳಿದದ್ದನ್ನು ನಿಮ್ಮ ಸಾಮಗ್ರಿ ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೆ ಹಂಚಿ. ಆರು ಬಣ್ಣದ ಎಣಿಕೆಯನ್ನು ಒಂದು ಪುಟ್ಟ ಕೋಷ್ಟಕವಾಗಿ ಕೊಟ್ಟರೆ ಓದುಗರು ನಿಮ್ಮ ತೀರ್ಮಾನವನ್ನು ತಾವೇ ಪರೀಕ್ಷಿಸಿಕೊಳ್ಳಬಹುದು.

ಎರಡು ತಪ್ಪುಗಳು ಕೊನೆಯ ಕರಡಿನಲ್ಲೂ ಉಳಿದುಬಿಡುತ್ತವೆ. ಒಂದು, ಇಂದಿನ ಮಾತಿನಿಂದ ಅಂದಿನವರನ್ನು ಅಳೆಯುವುದು. 1948ರ ವರದಿಗಾರನನ್ನು ಬೈಯುವುದರಿಂದ 1948 ಅರ್ಥವಾಗುವುದಿಲ್ಲ. ಅವನಿಗೆ ಆ ಪದ ಯಾಕೆ ಸಹಜವಾಗಿತ್ತು ಎಂದು ಕೇಳಿದರೆ ಅರ್ಥವಾಗುತ್ತದೆ. ಇನ್ನೊಂದು, ಆಟಗಾರರನ್ನು ಪೂರ್ತಿ ಸಂಕೇತವಾಗಿಸಿ ಮನುಷ್ಯರನ್ನು ಮರೆಯುವುದು. 2021ರ ಟೋಕಿಯೊದಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಫೈನಲ್‌ನಿಂದ ಹಿಂದೆ ಸರಿದಾಗ ಗಾಳಿಯಲ್ಲಿ ದೇಹದ ದಿಕ್ಕು ತಿಳಿಯದಂತಾಗುವ ತೊಂದರೆ ಅವರಿಗಿತ್ತು. ಆ ಸ್ಥಿತಿಯಲ್ಲಿ ಜಿಗಿದರೆ ಕುತ್ತಿಗೆ ಮುರಿಯಬಹುದು. ಅವರನ್ನು ಹೇಡಿ ಎಂದವರೂ ಮಾನಸಿಕ ಆರೋಗ್ಯದ ಧ್ವಜ ಎಂದವರೂ ಈ ಸರಳ ಸಂಗತಿಯನ್ನು ಎಷ್ಟೋ ಸಲ ದಾಟಿ ಹೋದರು. ನಿಮ್ಮ ಬರಹದಲ್ಲಿ ಆಟಗಾರರದ್ದೇ ಮಾತು, ಆಟದ ತಾಂತ್ರಿಕ ವಿವರ, ದೇಹಕ್ಕಾಗುವ ಅಪಾಯ ಒಂದೆಡೆಯಾದರೂ ಇರಲಿ.

ಮುದ್ರಣಕ್ಕೆ ಕಳಿಸುವ ಮುಂಚೆ "ಸಮಾಜ", "ಜನರು", "ದೇಶ" ಎಂಬ ಮೂರು ಪದಗಳನ್ನು ಕರಡಿನಲ್ಲಿ ಹುಡುಕಿ. ಪ್ರತಿಯೊಂದರ ಜಾಗದಲ್ಲೂ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಲು ಪ್ರಯತ್ನಿಸಿ. ಬರೆಯಲಾದರೆ ಹಾಗೇ ಬದಲಿಸಿ. ನಲವತ್ತು ತುಣುಕುಗಳಲ್ಲಿ ಆಧಾರ ಸಿಗದೇ ಹೋದರೆ ಆ ವಾಕ್ಯವನ್ನು ತೆಗೆದುಹಾಕಿ.